ದೀಪ ಆರದ ಹಗೇವು

ಹೊಂಗೆಕೊಪ್ಪಲಿನ ಚಿಕ್ಕಬೋರಯ್ಯನ ಮನೆಗೆ ಆ ಸೀಮೆಯಲ್ಲಿ ಒಳ್ಳೆಯ ಹೆಸರಿತ್ತು. ಹೆಸರಿಗೆ ಕಾರಣ ಮನೆಯ ಮನುಷ್ಯರಲ್ಲ, ಮನೆಯ ಮುಂದಿನ ಒಂದು ಚಪ್ಪಡಿ ಕಲ್ಲು. ಬೇವಿನ ಮರದಿಂದ ನಾಲ್ಕು ಮಾರು ಆಚೆ ನೆಲದ ಮಟ್ಟಕ್ಕೆ ಕೂತಿದ್ದ ಆ ಕಲ್ಲಿನ ಕೆಳಗೆ ಎರಡಾಳು ಆಳದ ಹಗೇವು ಇತ್ತು. ರಾಗಿ ವರ್ಷಗಟ್ಟಲೆ ಕೆಡದಂತೆ ಇಡಲು ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ಗುಂಡಿ ಅದು. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಇಪ್ಪತ್ತು ಪಲ್ಲ, ಅಂದರೆ ಎರಡು ಸಾವಿರ ಸೇರು, ಹಿಡಿಯುವಷ್ಟು. ಅದನ್ನು ತೋಡಿಸಿದವನು ಚಿಕ್ಕಬೋರಯ್ಯನ ಅಪ್ಪ ಕರಿಸಿದ್ದಯ್ಯ. ಆತ ಸತ್ತು ಹನ್ನೆರಡು ವರ್ಷವಾಗಿತ್ತು. ಆದರೂ ಪ್ರತಿ ಸಂಕ್ರಾಂತಿಗೆ ಕಲ್ಲಿನ ಸುತ್ತ ಹೊಸ ಮಣ್ಣು ಮೆತ್ತಿ, ಸಗಣಿ ಬಳಿದು, ಎರಡು ಗೆರೆ ಕೆಮ್ಮಣ್ಣು ಎಳೆಯುವುದು ತಪ್ಪಿರಲಿಲ್ಲ.

ಹಗೇವಿನ ವಿಷಯದಲ್ಲಿ ಆ ಕಡೆಯ ಜನ ಒಂದು ವಿಚಿತ್ರ ನಂಬಿಕೆ ಇಟ್ಟುಕೊಂಡಿದ್ದರು. ಹಗೇವು ತೆಗೆದರು ಎಂದರೆ ಮನೆಯೊಳಗಿನ ಕಾಳಿನ ವಾಡೆ ಬರಿದಾಗಿದೆ ಎಂದು ಅರ್ಥ. ತೆಗೆಯದೆ ಬಿಟ್ಟರೆ ಉಂಡು ಮಿಕ್ಕವರು ಎಂದು ಅರ್ಥ. ಹೀಗಾಗಿ ಹತ್ತಾರು ವರ್ಷ ಬಾಯಿ ತೆರೆಯದ ಕರಿಸಿದ್ದಯ್ಯನ ಹಗೇವು ಜನರ ಮಾತಿನಲ್ಲೇ ತುಂಬುತ್ತಾ ಹೋಯಿತು. ಅದರ ತಳದಲ್ಲಿ ಒಂದು ಕಾಳೂ ಇರಲಿಲ್ಲ. ಕಲ್ಲಿಗೆ ಅಷ್ಟು ಮರ್ಯಾದೆ ಕೊಡುವವರು ಕಲ್ಲೆತ್ತಿ ನೋಡುವುದಿಲ್ಲ.

ನಿಜ ಗೊತ್ತಿದ್ದವರು ಮನೆಯವರು ಮಾತ್ರ. ಕರಿಸಿದ್ದಯ್ಯನ ಕಾಲದ ಹನ್ನೆರಡು ಎಕರೆ ನಾಲ್ಕು ಮಂದಿ ಅಣ್ಣತಮ್ಮಂದಿರಿಗೆ ಹಂಚಿಹೋಗಿ ಚಿಕ್ಕಬೋರಯ್ಯನ ಪಾಲಿಗೆ ಬಂದದ್ದು ಮೂರು. ಆಮೇಲೆ ನಾಲೆ ಬಂತು. ನೀರು ತಗ್ಗಿನವರಿಗೆ ಭತ್ತ, ಕಬ್ಬು ಕೊಟ್ಟು, ಈ ಮೂರು ಎಕರೆ ದಿಣ್ಣೆಗೆ ಅರ್ಧ ಫರ್ಲಾಂಗು ಇರುವಾಗ ಪಕ್ಕಕ್ಕೆ ತಿರುಗಿ ಹೋಯಿತು. ಚಿಕ್ಕಬೋರಯ್ಯ ವರ್ಷದಲ್ಲಿ ಐದು ತಿಂಗಳು ಮಂಡ್ಯದ ಕಡೆ ಯಾರದೋ ಗದ್ದೆಯಲ್ಲಿ ಕಬ್ಬು ಕಡಿಯುವ ಕೂಲಿಗೆ ಹೋಗುತ್ತಿದ್ದ. ಊರವರಿಗೆ ಹೇಳುತ್ತಿದ್ದುದು ನೆಂಟರ ಮನೆಗೆ ಎಂದು. ಮನೆಯಿಂದ ಹೊರಡುವಾಗ ಜರಿ ಅಂಚಿನ ರುಮಾಲು ಸುತ್ತಿರುತ್ತಿದ್ದ. ಊರ ಗಡಿ ದಾಟಿ ಹೊಂಗೆ ತೋಪಿನಲ್ಲಿ ಅದನ್ನು ಬಿಚ್ಚಿ ಚೀಲಕ್ಕೆ ಹಾಕಿ, ಹರಕು ಟವೆಲು ಕಟ್ಟಿಕೊಂಡು ಮುಂದೆ ಹೋಗುತ್ತಿದ್ದ. ಅವನ ಮಗ ಸಿದ್ದರಾಮು ಇದನ್ನು ಒಂದು ಸಲ ಮರದ ಹಿಂದಿನಿಂದ ನೋಡಿದ್ದ. ಅಂದಿನಿಂದ ಅಪ್ಪನ ಮುಖ ನೋಡಿ ಮಾತಾಡುವುದು ಅವನಿಗೆ ಕಷ್ಟವಾಯಿತು.

ಆದರೆ ಮಗನೂ ಅದೇ ಕಸುಬು ಕಲಿತ.

ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ಸಿದ್ದರಾಮುವಿಗೆ ಹದಿನೈದು ತುಂಬಿತ್ತು. ಕೊಪ್ಪದ ಮಿಡ್ಲ್ ಸ್ಕೂಲಿನಲ್ಲಿ ಕೊನೆಯ ವರ್ಷ. ದಿನಾ ಮೂರು ಮೈಲಿ ನಡೆದು ಹೋಗುವಾಗ ಜೊತೆಗಿದ್ದವರು ಇಬ್ಬರು, ಇಬ್ಬರೂ ಪಕ್ಕದ ಸೀಗೆಪುರದವರು. ಒಬ್ಬ ಜವರ, ಪಟೇಲ ಹುಚ್ಚೀರಯ್ಯನ ಮಗ. ಹೊಂಗೆಕೊಪ್ಪಲೂ ಆ ಪಟೇಲನ ಕೈಕೆಳಗೇ ಇತ್ತು. ಇನ್ನೊಬ್ಬ ಮರಿಸಿದ್ದ, ಕುರಿ ಸಾಕುವ ಮನೆಯವನು, ಬಾಯಿ ಸುಮ್ಮನಿರಿಸಲಾರದವನು.

ಮಧ್ಯಾಹ್ನದ ಬಿಡುವಿನಲ್ಲಿ ಆ ಇಬ್ಬರೂ ಕೆರೆ ಏರಿಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಜವರನದು ಮುದ್ದೆ, ಉಪ್ಸಾರು. ಮರಿಸಿದ್ದನದು ಮುದ್ದೆ, ಗಟ್ಟಿ ಮೊಸರು. ಸಿದ್ದರಾಮು ತನ್ನ ಗಂಟು ಹಿಡಿದು ಏರಿಯ ಆಚೆ ಬದಿಗೆ ಇಳಿದು ಹೋಗುತ್ತಿದ್ದ. ನಾಲ್ಕು ಜನರ ಕಣ್ಣೆದುರು ಉಣ್ಣಬಾರದು ಎಂದು ಅಜ್ಜಿ ಹರಕೆ ಹೊತ್ತಿದ್ದಾಳೆ, ದೃಷ್ಟಿ ತಾಕುತ್ತದೆ ಎಂದು ಹೇಳಿದ್ದ. ಗಂಟಿನಲ್ಲಿ ಕೆಲವು ದಿನ ಬೇಯಿಸಿದ ಹುರುಳಿ ಇರುತ್ತಿತ್ತು. ಕೆಲವು ದಿನ ಹುರಿದ ಹುಣಸೆ ಬೀಜ. ಏನೂ ಇಲ್ಲದ ದಿನಕ್ಕೆಂದು ಶಿಂಷಾ ಹೊಳೆಯಿಂದ ತಂದ ಒಂದು ದುಂಡು ಕಲ್ಲಿತ್ತು, ಮುದ್ದೆಯ ಗಾತ್ರದ್ದು. ಬಟ್ಟೆಯಲ್ಲಿ ಕಟ್ಟಿದರೆ ಆಕಾರ, ತೂಕ ಎರಡೂ ಸರಿಹೋಗುತ್ತಿದ್ದವು. ಆ ಕಲ್ಲನ್ನು ಅವನು ಎರಡು ವರ್ಷ ಸ್ಕೂಲಿಗೆ ಹೊತ್ತಿದ್ದ.

ಇಷ್ಟು ಮಾಡಿದವನಿಗೆ ಗೆಳೆಯರ ಮೇಲೆ ಇದ್ದುದು ಹೊಟ್ಟೆಕಿಚ್ಚಲ್ಲ, ತಾತ್ಸಾರ. ಉಂಡು ತೇಗುವವರು, ಹೇಳಿದ್ದನ್ನೆಲ್ಲ ನಂಬುವವರು, ದಡ್ಡರು. ಅವರು ತನ್ನನ್ನು ನಂಬುವುದೇ ಅವರ ದಡ್ಡತನಕ್ಕೆ ಸಾಕ್ಷಿ ಎಂದು ಅವನು ತಿಳಿದಿದ್ದ. ಹಾಗೆ ತಿಳಿದುಕೊಂಡರೆ ಹಸಿವು ಒಂದಿಷ್ಟು ಕಡಿಮೆಯಾಗುತ್ತಿತ್ತು.

ಯುದ್ಧದ ದಿನಗಳು. ಸರ್ಕಾರ ರೈತರಿಂದ ಕಡ್ಡಾಯವಾಗಿ ರಾಗಿ ಲೆವಿ ಎತ್ತುತ್ತಿತ್ತು. ಯಾರ ಹಗೇವಿನಲ್ಲಿ ಎಷ್ಟಿದೆ ಎನ್ನುವುದು ಮಕ್ಕಳ ಬಾಯಲ್ಲೂ ಬಂದಿತ್ತು. ಸಂಕ್ರಾಂತಿ ಕಳೆದ ಒಂದು ದಿನ ದಾರಿಯಲ್ಲಿ ಜವರ ಕೇಳಿದ, "ನಿಮ್ ಅಗೇವಲ್ಲಿ ಎಷ್ಟೈತ್ಲಾ ಸಿದ್ರಾಮ?"

"ಇಪ್ಪತ್ ಪಲ್ಲ. ನಮ್ತಾತ ತುಂಬ್ಸಿದ್ದು. ನಾವಿನ್ನೂ ಮುಟ್ಟಿಲ್ಲ."

"ಮುಟ್ದೆ ಇದ್ರೆ ಉಳ ಬಿದ್ದಿರ್ತದೆ ಕಣ್ಲಾ," ಎಂದ ಮರಿಸಿದ್ದ.

"ಅಗೇವಿಗೆ ಉಳ ಬೀಳಾಕಿಲ್ಲ. ನಿಮ್ಮನೆ ಕುರಿ ಕಿವಿ ಅಂದ್ಕಂಡ್ಯಾ?"

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಜವರನಿಗೆ ಗೆಳೆಯನ ಬಗ್ಗೆ ಹೆಮ್ಮೆ. ಅಂದು ಸಂಜೆ ಮನೆಯಲ್ಲಿ ಅದನ್ನು ಹೇಳಿದ. ಪಟೇಲ ಹುಚ್ಚೀರಯ್ಯನಿಗೆ ಅಂಥ ಮಾತು ಬೇಕಾಗಿತ್ತು. ಸೀಗೆಪುರ ಮತ್ತು ಹೊಂಗೆಕೊಪ್ಪಲಿಗೆ ಸೇರಿಸಿ ನಲವತ್ತು ಪಲ್ಲ ಗೊತ್ತುಮಾಡಿದ್ದರು. ಬೇರೆಯವರಿಂದ ಎಷ್ಟು ಹೆಚ್ಚು ಬಂದರೆ ಅವನ ಹಿತ್ತಿಲಿನ ಎರಡು ಹಗೇವುಗಳು ಅಷ್ಟು ಉಳಿಯುತ್ತಿದ್ದವು. ಹದಿನೈದು ವರ್ಷದ ಹುಡುಗನ ಜಂಬವನ್ನು ಅವನು ಲೆವಿ ಲೆಕ್ಕ ನೋಡುವ ಶೇಕ್ದಾರನ ಮುಂದೆ ಸರ್ಕಾರಿ ಸತ್ಯವಾಗಿ ಇಟ್ಟ. ಮರುವಾರ ಬುಧವಾರ ಊರ ಚಾಕರಿಯ ತೋಟಿ ಬಂದು ಚಿಕ್ಕಬೋರಯ್ಯನ ಬಾಗಿಲಲ್ಲಿ ಹೇಳಿದ: ಎಂಟು ಪಲ್ಲ ರಾಗಿ, ಸೋಮವಾರ ಚಾವಡಿಯಲ್ಲಿ ಅಳೆಯಬೇಕು. ಶುಕ್ರವಾರ ಶೇಕ್ದಾರರು ಕೊಪ್ಪಲಿಗೆ ಬಂದು ನೋಡಿ ಹೋಗುತ್ತಾರೆ.

ತೋಟಿ ಹೋದ ಮೇಲೆ ಮನೆಯೊಳಗೆ ನಡೆದ ಮಾತು ಹೆಚ್ಚು ಹೊತ್ತಿನದಲ್ಲ.

"ಎತ್ತು ಮಾರ್ತೀನಿ," ಎಂದ ಚಿಕ್ಕಬೋರಯ್ಯ. "ಮದ್ದೂರಲ್ಲಿ ಯಾರಾದ್ರೂ ಕಳ್ಳಪ್ಯಾಟೇಲಿ ರಾಗಿ ಕೊಡ್ತಾರೆ. ಅದ್ನೇ ಅಳ್ದುಬುಟ್ರಾಯ್ತು."

ಅವನ ತಾಯಿ ದೊಡ್ಡತಾಯಮ್ಮ ಗೋಡೆಗೆ ಒರಗಿ ಕೂತಿದ್ದಳು. "ಮಾರು. ಎತ್ತು ಓದ್ರೆ ಓಗ್ಲಿ, ಕಲ್ಲು ಮಾತ್ರ ಎತ್ತುಕೂಡ್ದು. ಮುದ್ದಿ ಮದ್ವೆ ಆಗೋಗಂಟ ಎತ್ತುಕೂಡ್ದು."

ಮುದ್ದಿ ಎಂದರೆ ಸಿದ್ದರಾಮುವಿನ ಅಕ್ಕ ಮುದ್ದಮ್ಮ. ದುದ್ದದ ಒಂದು ಮನೆಯವರು ಅವಳನ್ನು ನೋಡಿ ಹೋಗಿದ್ದರು. ಹುಡುಗಿಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಕಲ್ಲನ್ನು ನೋಡಿದ್ದರು. ತಮ್ಮ ದೇವರಲ್ಲಿ ಹೂ ಕೇಳಿಸಿ, ಬಲಗಡೆ ಹೂ ಬಿತ್ತು, ದೇವರ ಒಪ್ಪಿಗೆ ಇದೆ ಎಂದು ಹೇಳಿ ಕಳಿಸಿದ್ದರು.

"ಎತ್ತಿಲ್ದೆ ಒಲ ಉಳೋದು ಎಂಗವ್ವಾ?"

"ಉಳೋದೇನೈತೆ. ನೀ ಎಂಗೂ ಕಬ್ಬು ಕಡಿಯಾಕ್ ಓಯ್ತೀಯ. ಅನ್ನೆಲ್ಡು ತಿಂಗ್ಳೂ ಓಗು."

ಚಿಕ್ಕಬೋರಯ್ಯ ತಾಯಿಗೆ ಎದುರಾಡಲಿಲ್ಲ. ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ಮಗನ ಕಡೆ ತಿರುಗಿ, "ಪಟೇಲ್ರು ಅಂದ್ರಂತೆ, ನಿನ್ ಮಗ್ನೇ ಏಳವ್ನಲ್ಲಪ್ಪ ಅಂತ," ಎಂದ. ಬೈಯಲಿಲ್ಲ. ಬೈದಿದ್ದರೆ ಸಿದ್ದರಾಮುವಿಗೆ ಅನುಕೂಲವಾಗುತ್ತಿತ್ತು.

ಆ ಜೋಡಿ ಎತ್ತು ಹೋದರೆ ಮೂರು ಎಕರೆ ಬೀಳು ಬೀಳುತ್ತದೆ, ಅಪ್ಪನ ಹರಕು ಟವೆಲು ಖಾಯಮ್ಮಾಗುತ್ತದೆ, ಸ್ಕೂಲು ಬಿಟ್ಟು ತಾನೂ ಒಂದು ಕುಡುಗೋಲು ಹಿಡಿಯಬೇಕಾಗುತ್ತದೆ. ಒಂದು ಖಾಲಿ ಗುಂಡಿಯ ಮಾನ ಉಳಿಸಲು ಇಷ್ಟೂ. ಸಿದ್ದರಾಮು ಅದನ್ನೆಲ್ಲ ಯೋಚಿಸಿದ. ಯೋಚಿಸಿ ಬಂದ ಸಿಟ್ಟನ್ನು ಅಜ್ಜಿಯ ಮೇಲೆ ಹಾಕಲಾಗದೆ, ತನ್ನ ಮೇಲೆ ಹಾಕಿಕೊಳ್ಳಲಾಗದೆ, ಜವರನ ಮೇಲೆ ಹಾಕಿದ. ಜವರ ಬೇಕೆಂದೇ ಹೇಳಿದ್ದಾನೆ. ಪಟೇಲನ ಮಗ ಇನ್ನೇನು ಮಾಡಿಯಾನು.

ಗುರುವಾರ ಮಧ್ಯಾಹ್ನ ಅವನು ಏರಿಯ ಆಚೆ ಬದಿಗೆ ಇಳಿಯಲಿಲ್ಲ. ಗಂಟು ಹಿಡಿದು ಬಂದು ಗೆಳೆಯರ ಎದುರಿಗೆ ಕೂತ.

"ಏನ್ಲಾ, ನಿಮ್ಮಜ್ಜಿ ಅರಕೆ ತೀರ್ತಾ?" ಎಂದ ಮರಿಸಿದ್ದ.

ಸಿದ್ದರಾಮು ಅವನ ಕಡೆ ನೋಡಲಿಲ್ಲ. "ನಿಮ್ಮಪ್ಪನ್ ತಾವ ಏನೇಳ್ದೆಲಾ ನೀನು?" ಎಂದು ಜವರನನ್ನು ಕೇಳಿದ.

"ಏನೇಳ್ದೆ?"

"ನಮ್ ಅಗೇವಿನ್ ಇಸ್ಯ."

"ನೀ ಏಳಿದ್ದನ್ನೇ ಏಳ್ದೆ. ಇಪ್ಪತ್ ಪಲ್ಲ ಅಂತ." ಜವರ ಮುದ್ದೆ ಮುರಿಯುತ್ತಾ ತಲೆ ಎತ್ತಿದ. "ಯಾಕೆ, ಇನ್ನೂ ಐತಾ?"

ಅವನ ಮುಖದಲ್ಲಿ ಕುಹಕ ಹುಡುಕಿದ ಸಿದ್ದರಾಮುವಿಗೆ ಅದು ಸಿಗಲಿಲ್ಲ. ಜಗಳಕ್ಕೆ ಕಟ್ಟಿಕೊಂಡು ಬಂದ ಮಾತುಗಳು ಉಪಯೋಗಕ್ಕೆ ಬಾರದೆ ಉಳಿದವು. ಅವನು ಗಂಟನ್ನು ಇಬ್ಬರ ನಡುವೆ ಇಟ್ಟು ಬಿಚ್ಚಿದ.

ಮರಿಸಿದ್ದ ಕಲ್ಲನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದ. "ಏನ್ಲಾ ಇದು?"

"ನನ್ ಊಟ."

"ಎಷ್ಟೊತ್ತು ಬೇಯ್ಸಿದ್ರು? ಇನ್ನೊಸಿ ಬೇಯ್ಬೇಕಿತ್ತು ಕಣ್ಲಾ."

ಯಾರೂ ನಗಲಿಲ್ಲ. ಮರಿಸಿದ್ದನೂ ನಗಲಿಲ್ಲ. ಕಲ್ಲನ್ನು ಇದ್ದಲ್ಲೇ ಇಟ್ಟ.

"ಅಗೇವಲ್ಲಿ ಇಷ್ಟೂ ಇಲ್ಲ," ಎಂದ ಸಿದ್ದರಾಮು. "ನಮ್ತಾತ ಸತ್ ಮಾರ್ನೆ ವರ್ಸಕ್ಕೇ ರಾತ್ರೋರಾತ್ರಿ ತಗ್ದು ಖಾಲಿ ಮಾಡವ್ರೆ. ನಮ್ಮಪ್ಪ ನೆಂಟ್ರ ಮನೆಗ್ ಓಗಾಕಿಲ್ಲ, ಕಬ್ಬು ಕಡಿಯಾಕ್ ಓಗದು. ಈಗ ನೀ ಏಳಿದ್ಕೆ ಬಿದ್ದ ಎಂಟ್ ಪಲ್ಲ ಲೆವಿಗೆ ಎತ್ತು ಮಾರ್ತಾರೆ."

ಹೇಳಿ ಮುಗಿಸಿ ಕಾದ. ಅವರು ಅಯ್ಯೋ ಪಾಪ ಎಂದರೆ ಎದ್ದು ಹೋಗುವುದು, ನಕ್ಕರೆ ಕಲ್ಲು ತೆಗೆದು ಹೊಡೆಯುವುದು ಎಂದು ನಿಶ್ಚಯಿಸಿದ್ದ. ಜವರ ಎರಡನ್ನೂ ಮಾಡಲಿಲ್ಲ. ಬಾಯಲ್ಲಿದ್ದುದನ್ನು ನುಂಗಿ ಬೈಯಲು ಶುರುಮಾಡಿದ.

"ಎಲ್ಡ್ ವರ್ಸ ನಮ್ ಜೊತೇಲಿ ಕಲ್ಲು ಒತ್ಕಂಡ್ ತಿರುಗ್ದ್ಯಾ? ನಾಚ್ಕೆ ಆಗಾಕಿಲ್ವಾ ನಿಂಗೆ? ನಮ್ಮನ್ನ ಏನಂತ ತಿಳ್ಕಂಡಿದ್ದೆ?"

"ಉಂಡು ತೇಗೋ ದಡ್ಡ ನನ್ಮಕ್ಳು ಅಂತ."

"ತೇಗ್ತೀವಿ. ಏನೀಗ?"

"ಏನಿಲ್ಲ. ಕೇಳ್ದೆ, ಏಳ್ದೆ."

"ಮೊದ್ಲು ಉಣ್ಣು," ಎಂದ ಮರಿಸಿದ್ದ. ತನ್ನ ಮುದ್ದೆಯಲ್ಲಿ ಅರ್ಧ ಮುರಿದು, ಕಲ್ಲನ್ನು ಪಕ್ಕಕ್ಕೆ ತಳ್ಳಿ ಅದೇ ಬಟ್ಟೆಯ ಮೇಲೆ ಇಟ್ಟ. "ಬಯ್ಯೋದ್ ಆಮ್ಯಾಕೂ ಬಯ್ಬೋದು. ಮೊಸ್ರು ಬತ್ತಾ ಉಳಿ ಆಯ್ತದೆ."

ಸಿದ್ದರಾಮು ಉಂಡ. ಬೈಗುಳದ ನಡುವೆ ಬಂದದ್ದರಿಂದ ಅದನ್ನು ಉಣ್ಣುವುದು ಅವನಿಗೆ ಸಾಧ್ಯವಾಯಿತು.

ಅಪ್ಪನ ಜಗಲಿಯಲ್ಲಿ ಕೂತು ಜವರ ಕೇಳಿದ ಮಾತುಗಳು ಅನೇಕ. ಸುಮ್ಮನೆ ಕಲ್ಲೆತ್ತಿ ತೋರಿಸಿದರೆ ಪ್ರಯೋಜನವಿಲ್ಲ, ಖಾಲಿ ಹಗೇವು ಕಂಡರೆ ಶೇಕ್ದಾರ ರಾಗಿ ಸಾಗಿಸಿದ್ದಾರೆ ಎಂದೇ ಬರೆಯುತ್ತಾನೆ, ಎರಡು ಊರಿನಲ್ಲಿ ಹಾಗೆ ಆಗಿದೆ ಎಂದು ಹೇಳಿದ. "ಯಾರಾರ ಒಳಕ್ಕಿಳ್ದು ನೋಡ್ಬೇಕು. ಏಳಿದ್ರೆ ನಂಬೋ ಅಂತೋರು. ನಾನಿಳೀತೀನಿ."

"ನಿಮ್ಮಪ್ಪ?"

"ನೀ ಕೊಡ್ದಿದ್ರೆ ಆ ಎಂಟ್ ಪಲ್ಲ ನಮ್ಮಪ್ಪನ್ ಮ್ಯಾಗ್ ಬೀಳ್ತದೆ." ಜವರ ಬೆರಳು ನೆಕ್ಕಿಕೊಂಡ. "ನಮ್ ಇತ್ಲಲ್ಲಿ ಎಲ್ಡ್ ಅಗೇವೂ ತುಂಬವೆ. ಒಂದೇ, ಅದೂ ಅರ್ಧ ಅಂತ ಬರ್ಸವ್ನೆ. ಇದ್ನ ನಿಮ್ಮಿಬ್ರಿಗೆ ಬುಟ್ಟು ಇನ್ಯಾರ್ಗೂ ಏಳಿಲ್ಲ."

ಸಿದ್ದರಾಮುವಿಗೆ ಮೊದಲ ಬಾರಿಗೆ ಒಂದು ವಿಷಯ ಹೊಳೆಯಿತು. ಮುಚ್ಚಿದ ಕಲ್ಲಿನ ಮನೆ ತನ್ನದೊಂದೇ ಅಲ್ಲ. ಜವರನ ಮನೆಯಲ್ಲಿ ಕಲ್ಲಿನ ಕೆಳಗೆ ರಾಗಿ ಇತ್ತು, ಅಷ್ಟೇ ವ್ಯತ್ಯಾಸ. ಅದರ ಬಗ್ಗೆ ಜವರನಿಗಿದ್ದ ನಾಚಿಕೆ ತನ್ನದಕ್ಕಿಂತ ಕಡಿಮೆಯದಲ್ಲ.

ಶುಕ್ರವಾರ ಬೆಳಿಗ್ಗೆ ಶೇಕ್ದಾರ ಸೈಕಲ್ಲಿನ ಮೇಲೆ ಬಂದ. ಬಿಳಿ ಷರಾಯಿ, ಕರಿ ಟೋಪಿ. ಜೊತೆಗೆ ಪಟೇಲ ಹುಚ್ಚೀರಯ್ಯ, ಹಿಂದೆ ತೋಟಿ. ಕೊಪ್ಪಲಿನ ಮೂವತ್ತು ಮನೆಯವರೂ ಬೇವಿನ ಮರದ ಕೆಳಗೆ ಸೇರಿದ್ದರು. ಇಷ್ಟು ವರ್ಷ ಪೂಜ್ಯಭಾವದಿಂದ ನೋಡಿದ ಕಲ್ಲಿಗೆ ಸರ್ಕಾರ ಏನು ಮಾಡುತ್ತದೆ ಎಂದು ನೋಡುವ ಆಸೆ ಅವರಿಗೆ. ಚಿಕ್ಕಬೋರಯ್ಯ ಜರಿ ರುಮಾಲು ಸುತ್ತಿ ಕೈಕಟ್ಟಿ ನಿಂತಿದ್ದ. ಕೇಳುವ ಮೊದಲೇ, "ಸೋಮ್ವಾರ ಅಳ್ದುಬುಡ್ತೀನಿ ಬುದ್ಧಿ," ಎಂದ.

"ಅಪ್ಪ, ಇಲ್ದಿದ್ದನ್ನ ಎಲ್ಲಿಂದ್ ಅಳೀತೀಯ?" ಎಂದ ಸಿದ್ದರಾಮು. ಆಮೇಲೆ ಶೇಕ್ದಾರನ ಕಡೆ ತಿರುಗಿ ಹೇಳಿದ. "ಸ್ವಾಮಿ, ಹಗೇವು ಖಾಲಿ ಇದೆ. ಇಪ್ಪತ್ತು ಪಲ್ಲ ಅಂತ ನಾನು ಸುಳ್ಳು ಹೇಳಿದ್ದು."

ದೊಡ್ಡತಾಯಮ್ಮ ಬಾಗಿಲಿನಿಂದ ನೇರವಾಗಿ ಬಂದು ಚಪ್ಪಡಿಯ ಮೇಲೆ ಕೂತಳು. ಎಪ್ಪತ್ತು ವರ್ಷದ ಆ ಹೆಂಗಸನ್ನು ಎತ್ತಿ ಪಕ್ಕಕ್ಕಿಡುವ ಧೈರ್ಯ ಸರ್ಕಾರಕ್ಕೂ ಇರಲಿಲ್ಲ. ಮೊಮ್ಮಗ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಏಳಜ್ಜಿ."

"ಮನೆ ಮಾನಾನ ಕಂಡೋರ್ ಮಕ್ಳ ಕೈಗ್ ಕೊಟ್ಯಾ?" ಅವಳ ಕಣ್ಣು ಮರಕ್ಕೆ ಒರಗಿ ನಿಂತಿದ್ದ ಜವರ, ಮರಿಸಿದ್ದರ ಮೇಲಿತ್ತು.

"ಕೊಟ್ಟೆ ಕಣಜ್ಜಿ. ಅವ್ರೇನೂ ಅದ್ನ ಕೆಳಕ್ ಆಕ್ಲಿಲ್ಲ."

ಅವಳು ಮೊಣಕಾಲಿಗೆ ಕೈಯೂರಿ ಎದ್ದಳು. ಒಳಗೆ ಹೋಗಲಿಲ್ಲ.

ತುಂಬಿದ ಹಗೇವನ್ನು ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಕಾಳಿನ ಉಸಿರು ಒಳಗೆ ಕಟ್ಟಿಕೊಂಡಿರುತ್ತದೆ, ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೆ ಮೊದಲು ದೀಪ ಇಳಿಸಿ ನೋಡುತ್ತಾರೆ. ಕಾಳಿದ್ದರೆ ದೀಪ ಕುತ್ತಿಗೆಯ ಹತ್ತಿರವೇ ಆರುತ್ತದೆ. ಕೊಪ್ಪಲಿನ ಮಕ್ಕಳಿಗೂ ಇದು ಗೊತ್ತು. ನಾಲ್ಕು ಜನ ಹಾರೆ ಹಾಕಿ ಚಪ್ಪಡಿ ಸರಿಸಿದರು. ತೋಟಿ ಹಣತೆಯನ್ನು ಕುಕ್ಕೆಯಲ್ಲಿಟ್ಟು ಹಗ್ಗ ಕಟ್ಟಿ ಇಳಿಬಿಟ್ಟ. ಒಂದು ಮಾರು ಹಗ್ಗ ಹೋಯಿತು. ಎರಡು ಮಾರು ಹೋಯಿತು. ಹಣತೆ ತಳ ಮುಟ್ಟಿ, ದೇವರ ಮನೆಯಲ್ಲಿ ಉರಿದಂತೆ ನೆಟ್ಟಗೆ ಉರಿಯಿತು. ಜನ ಬಗ್ಗಿ ನೋಡಿ ಒಬ್ಬೊಬ್ಬರಾಗಿ ಹಿಂದೆ ಸರಿದರು. ಇಷ್ಟು ವರ್ಷ ತಾವು ನಮಸ್ಕಾರ ಹಾಕಿದ್ದು ಯಾವುದಕ್ಕೆ ಎಂದು ಅವರಿಗೆ ತಿಳಿಯಿತು. ಅದಕ್ಕಾಗಿ ಅವರು ತಮ್ಮನ್ನು ಬೈದುಕೊಳ್ಳದೆ ಚಿಕ್ಕಬೋರಯ್ಯನನ್ನು ದುರುಗುಟ್ಟಿದರು.

"ಎಲ್ಲಿಗೆ ಸಾಗಿಸಿದ್ದೀಯ?" ಎಂದ ಶೇಕ್ದಾರ.

"ಇಲ್ಲ ಬುದ್ಧಿ, ಇರ್ಲೇ ಇಲ್ಲ."

"ಇದ್ದರೆ ಕೊಡಬೇಕು. ಇಲ್ಲದಿದ್ದರೆ ಎಲ್ಲಿಟ್ಟಿದ್ದೀಯ ಹೇಳಬೇಕು. ಮೂರನೆಯದು ನನ್ನ ಕಾಗದದಲ್ಲಿ ಇಲ್ಲ."

"ಇಳಿದು ನೋಡಿ ಸ್ವಾಮಿ," ಎಂದ ಸಿದ್ದರಾಮು.

ಶೇಕ್ದಾರ ತನ್ನ ಷರಾಯಿ ನೋಡಿಕೊಂಡ. ಹುಚ್ಚೀರಯ್ಯ ಅವಸರದಿಂದ, "ತೋಟಿ ಇಳೀತಾನೆ ಬುಡಿ," ಎಂದ. ಪಟೇಲ ಹೇಳಿದ್ದನ್ನೇ ಕಾಣುವ ಕಣ್ಣು ತೋಟಿಯದು ಎಂದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಜವರ ಅಂಗಿ ಕಳಚಿ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದ.

"ನೀ ಯಾಕ್ಲಾ ಇಸ್ಕೂಲ್ ಬುಟ್ಟು ಇಲ್ಲಿಗ್ ಬಂದೆ?" ಎಂದ ಹುಚ್ಚೀರಯ್ಯ.

"ಇಳಿಯಾಕೆ ಕಣಪ್ಪ."

ಹಗ್ಗ ಹಿಡಿದವರು ಸಿದ್ದರಾಮು ಮತ್ತು ಮರಿಸಿದ್ದ. ಜವರನ ಮೈಭಾರವೆಲ್ಲ ಅವರ ಅಂಗೈ ಮೇಲೆ ಜಾರುತ್ತಾ ಹೋಗಿ ತಳದಲ್ಲಿ ಸಡಿಲವಾಯಿತು. ಒಂದು ಮಚ್ಚು ಕೊಡಿ ಎಂದು ಅವನು ಕೂಗಿ ಇಳಿಸಿಕೊಂಡ, ಆಮೇಲೆ ಒಳಗಿನಿಂದ ಕಡಿಯುವ ಸದ್ದು ಕೇಳಿತು. ಮೇಲೆ ಬಂದವನ ತೋಳಿನಲ್ಲಿ ಒಂದು ಹೊರೆ ಬೇರಿತ್ತು, ಬೇವಿನ ಬೇರು, ಕೆಲವು ಹೆಬ್ಬೆರಳು ದಪ್ಪದವು. ಅದನ್ನು ಶೇಕ್ದಾರನ ಕಾಲ ಬಳಿ ಹಾಕಿದ.

"ಗೋಡೆ ತೂತು ಮಾಡ್ಕಂಡ್ ಬಂದು ತಳದಲ್ಲಿ ಚಾಪೆ ಎಣೆದಂಗೆ ಎಣ್ಕಂಡವೆ. ಅಡೀಲಿ ರಾಗಿಗ್ ಆಸೋ ಉಲ್ಲು ಒಂದೆಳೇನೂ ಇಲ್ಲ. ರಾಗಿ ಓದ್ವಾರ ಇತ್ತು ಅಂದ್ರೆ ಈ ಬೇರು ಒಂದ್ ವಾರಕ್ಕೆ ಬೆಳೀತಾ ಸ್ವಾಮಿ?"

ಕೊಪ್ಪಲಿನವರು ಬೇರು ತಿರುವಿ ನೋಡಿದರು. ಮನುಷ್ಯರನ್ನು ಅಳೆಯಲು ಬಾರದಿದ್ದರೂ ಬೇರಿನ ವಯಸ್ಸು ಅವರಿಗೆ ಗೊತ್ತಾಗುತ್ತಿತ್ತು. "ಎಂಟತ್ ವರ್ಸದ್ದು," ಎಂದ ಮುದುಕನೊಬ್ಬ. ಶೇಕ್ದಾರ ಕಾಗದದ ಮೇಲೆ ಅಡ್ಡಗೆರೆ ಎಳೆದ. ಅವನಿಗೆ ಚಿಕ್ಕಬೋರಯ್ಯ ಬೇಕಿರಲಿಲ್ಲ, ನಲವತ್ತು ಪಲ್ಲ ಬೇಕಿತ್ತು.

"ಹಾಗಾದರೆ ಈ ಎಂಟು ಪಲ್ಲ ಎಲ್ಲಿಂದ, ಪಟೇಲರೇ?"

ಹುಚ್ಚೀರಯ್ಯ ಮಗನನ್ನು ನೋಡಿದ. ಜವರ ಅಪ್ಪನನ್ನೇ ನೋಡುತ್ತಾ ನಿಂತಿದ್ದ. ಆ ನೋಟವನ್ನು ತಾಳಲಾರದೆ ಪಟೇಲ, "ನಾನೇ ಕೊಡ್ತೀನಿ ಬನ್ನಿ," ಎಂದು ಸೈಕಲ್ಲಿನ ಕಡೆ ನಡೆದ. ಊರಿಗಾಗಿ ಪಟೇಲರು ಕೈಯಿಂದ ಕೊಟ್ಟರು ಎಂದು ಸಂಜೆಯ ಹೊತ್ತಿಗೆ ಸೀಗೆಪುರದಲ್ಲಿ ಸುದ್ದಿಯಾಯಿತು. ಅಂಥ ಜನಕ್ಕೆ ಅಂಥ ಸುದ್ದಿ.

ಎತ್ತುಗಳು ಕೊಟ್ಟಿಗೆಯಲ್ಲೇ ಉಳಿದವು. ಉಳಿದದ್ದೆಲ್ಲ ನಿರೀಕ್ಷಿಸಿದಂತೆಯೇ ಆಯಿತು. ಹದಿನೈದು ದಿನದೊಳಗೆ ದುದ್ದದವರು ಹೇಳಿ ಕಳಿಸಿದರು: ಇನ್ನೊಂದು ಸಲ ಹೂ ಕೇಳಿಸಿದೆವು, ಎಡಗಡೆ ಬಿತ್ತು. ಅವರ ದೇವರಿಗೂ ಹಗೇವಿನ ಸಮಾಚಾರ ಮುಟ್ಟಿತ್ತು. ಎರಡು ವರ್ಷದ ಮೇಲೆ ಮುದ್ದಮ್ಮನನ್ನು ಮಳವಳ್ಳಿ ಕಡೆಯ ಒಬ್ಬ ಗಾಡಿ ಹೊಡೆಯುವವನು ಮದುವೆಯಾದ. ಅವನು ನೋಡಲು ಬಂದಾಗ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ಅದು ಏನೆಂದು ಕೇಳಲಿಲ್ಲ. ದೊಡ್ಡತಾಯಮ್ಮ ಮೊಮ್ಮಗನ ಜೊತೆ ಒಂದು ತಿಂಗಳು ಮಾತು ಬಿಟ್ಟಳು. ಬೇವಿನ ಬೇರು ಕುದಿಸಿ ಕಷಾಯ ಮಾಡಿ, ನಿನ್ನ ಗೆಳೆಯನ ದಯೆ ಎಂದು ಅವನ ಮುಂದೆ ಕುಕ್ಕಿದ ದಿನ ಮತ್ತೆ ಮಾತು ಶುರುವಾಯಿತು. ಚಿಕ್ಕಬೋರಯ್ಯ ಹರಕು ಟವೆಲನ್ನು ಮನೆಯ ಬಾಗಿಲಲ್ಲೇ ಕಟ್ಟಿಕೊಂಡು ಹೊರಡತೊಡಗಿದ. ತೋಪಿನಲ್ಲಿ ನಿಲ್ಲುವುದು ತಪ್ಪಿದ್ದರಿಂದ ಬೇಗ ತಲುಪುತ್ತೇನೆ ಎನ್ನುತ್ತಿದ್ದ.

ಆ ಶುಕ್ರವಾರ ಕಳೆದು ಸೋಮವಾರ ಜವರ ಸ್ಕೂಲಿಗೆ ಬಂದಾಗ ಬೆನ್ನ ಮೇಲೆ ಹುಣಸೆ ಬರಲಿನ ನಾಲ್ಕು ಬಾಸುಂಡೆಗಳಿದ್ದವು.

"ಪಲ್ಲಕ್ಕ್ ಅರ್ಧ ಏಟು," ಎಂದು ಮರಿಸಿದ್ದ ಎಣಿಸಿ ಹೇಳಿದ. "ಅಗ್ಗ ಆಯ್ತು ಬುಡು."

ಮಧ್ಯಾಹ್ನ ಮೂವರೂ ಏರಿಯ ಮೇಲೆ ಕೂತರು. ಸಿದ್ದರಾಮುವಿನ ಗಂಟಿನಲ್ಲಿ ಹುರುಳಿ ಇತ್ತು. ಜವರ ಕೇಳದೆ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿದ.

"ಉಪ್ಪೇ ಇಲ್ವಲ್ಲಾ."

"ಇಲ್ಲ. ಮನೇಲೂ ಇಲ್ಲ."

"ಮೊದ್ಲೇ ಏಳಾಕಿಲ್ವಾ," ಎಂದು ಜವರ ಉಪ್ಸಾರನ್ನು ಅದರ ಮೇಲೆ ಸುರಿದ.

ಮಾರನೆಯ ದಿನ ಸಿದ್ದರಾಮು ಬರಿಗೈಯಲ್ಲಿ ಬಂದ. ಏರಿ ಹತ್ತುವಾಗ ಒಂದು ಕ್ಷಣ ಕಾಲು ಆಚೆ ಬದಿಗೆ ತಿರುಗಿತು. ಆಮೇಲೆ ಬಂದು ಗೆಳೆಯರ ಎದುರು ನಿಂತು, "ಇವತ್ತು ಏನೂ ತಂದಿಲ್ಲ ಕಣ್ರಲಾ," ಎಂದ.

ಮರಿಸಿದ್ದ ತಲೆ ಎತ್ತಲಿಲ್ಲ. ಮುದ್ದೆಯನ್ನು ಮೂರು ಪಾಲು ಮಾಡುವುದರಲ್ಲಿದ್ದ.

"ಎಂಗೂ ನಿಂತಿದ್ದೀಯ, ಚೊಂಬು ತಗಂಡ್ ಓಗಿ ನೀರ್ ತಗಂಬಾ. ಅದಾರೂ ಆಯ್ತದಾ ನಿನ್ ಕೈಲಿ, ಇಲ್ಲ ಅದ್ಕೂ ನಿಮ್ಮಜ್ಜಿ ಅರಕೆ ಐತಾ?"

ಸಿದ್ದರಾಮು ಚೊಂಬು ತೆಗೆದುಕೊಂಡು ನೀರಿಗೆ ಇಳಿದ.